ಬೆರಳು ಕಲಿತ ಕನ್ನಡ

ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲಗಳನ್ನೊಳಗೊಂಡ ನಮ್ಮ ದಕ್ಷಿಣದ ಗಡಿಸೀಮೆಯು ಕಿವಿಯ ವಿದ್ಯೆಗೆ ಹೆಸರಾದ ನಾಡು. ಕಂಸಾಳೆ ಹಿಡಿದು ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರೂ, ತಂಬೂರಿ ಡಕ್ಕೆಗಳೊಡನೆ ಮಂಟೇಸ್ವಾಮಿಯ ಕಥೆಯನ್ನು ಇರುಳಿಡೀ ನಡೆಸುವ ನೀಲಗಾರರೂ, ಸಹಸ್ರಾರು ಸಾಲುಗಳ ಕಾವ್ಯವನ್ನು ಓಲೆಗಾಗಲಿ ಕಾಗದಕ್ಕಾಗಲಿ ಒಪ್ಪಿಸದೆ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಶಿಷ್ಯನ ಬಾಯಿಂದ ಮರುಶಿಷ್ಯನ ಕಿವಿಗೆ ದಾಟಿಸುತ್ತ ಬಂದಿರುವರು. ಇಂತಹ ನೆಲದಲ್ಲಿ ಹುಟ್ಟಿದ ಅಂಧಬಾಲಕನು ಸರಸ್ವತಿಯ ಕೃಪೆಗೆ ಸಂಪೂರ್ಣವಾಗಿ ಹೊರಗಾಗಿದ್ದನೆಂದು ಹೇಳುವುದು ಸರಿಯಾಗದು. ಜಗಲಿಯ ಮೇಲೆ ಕುಳಿತು ಕಥೆ ಕೇಳಿದವನು ಕಥೆಯನ್ನು ಕಲಿತನು, ಭಜನೆಯ ಮನೆಯಲ್ಲಿ ಪದವನ್ನು ಕೇಳಿದವನು ಪದವನ್ನು ಕಲಿತನು. ಆದರೆ ಆತನು ಕಲಿತುದೆಲ್ಲವೂ ಪರರು ಹೇಳಬೇಕೆಂದು ಮನಸ್ಸುಮಾಡಿದಾಗ ಮಾತ್ರ ಆತನಿಗೆ ದೊರಕುತ್ತಿದ್ದುದು. ಹೇಳುವವನು ಎದ್ದುಹೋದರೆ ವಿದ್ಯೆಯೂ ಎದ್ದುಹೋಗುತ್ತಿತ್ತು. ತನಗೆ ಬೇಕಾದ ಹೊತ್ತಿನಲ್ಲಿ, ತನಗೆ ಬೇಕಾದ ಪುಟವನ್ನು, ಯಾರ ಹಂಗೂ ಇಲ್ಲದೆ ತಾನೇ ತೆರೆದು ಓದಿಕೊಳ್ಳುವ ಸ್ವಾತಂತ್ರ್ಯವೆಂಬುದು ಆತನ ಪಾಲಿಗೆ ಇರಲಿಲ್ಲ. ಆ ಸ್ವಾತಂತ್ರ್ಯವನ್ನು ಕನ್ನಡದ ಮಕ್ಕಳಿಗೆ ಮೊಟ್ಟಮೊದಲು ಕೊಡಲು ಹೊರಟ ಪ್ರಯತ್ನಗಳಲ್ಲಿ ಒಂದು, 1901ರಲ್ಲಿ ಮೈಸೂರು ನಗರದಲ್ಲಿ ಎಂ. ಶ್ರೀನಿವಾಸರಾಯರು ಅಂಧರಿಗಾಗಿಯೂ ಕಿವುಡ-ಮೂಕರಿಗಾಗಿಯೂ ಸ್ಥಾಪಿಸಿದ ಶಾಲೆ. ಅದರ ಚರಿತ್ರೆಯನ್ನು ಅರಿಯಬೇಕಾದರೆ, ಆ ಶಾಲೆಗೆ ಮಕ್ಕಳು ಬರುತ್ತಿದ್ದ ಕಾರಣಗಳನ್ನೂ, ಅವರಿಗೆ ಅಕ್ಷರವು ಬಂದ ಬಹು ದೂರದ ದಾರಿಯನ್ನೂ ಮೊದಲು ನೋಡುವುದು ಯುಕ್ತ.

ಆ ಕಾಲದ ಹಳ್ಳಿಗಳಲ್ಲಿ ಮಕ್ಕಳ ಕಣ್ಣನ್ನು ಕಸಿದುಕೊಳ್ಳುತ್ತಿದ್ದ ರೋಗಗಳಲ್ಲಿ ಸಿಡುಬು ಬಹು ಮುಖ್ಯವಾದುದು. ಮನೆಯಲ್ಲಿ ಅಮ್ಮ ಬಂದಿದೆಯೆಂದರೆ ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟಿ, ಒಗ್ಗರಣೆಯ ಸದ್ದನ್ನೂ ನಿಲ್ಲಿಸಿ, ಮಾರಮ್ಮನಿಗೆ ತಂಪು ಹೊತ್ತು ಕಾಯುವುದಲ್ಲದೆ ಬೇರೆ ಉಪಾಯವನ್ನು ಜನರು ಕಾಣುತ್ತಿರಲಿಲ್ಲ; ಮಗು ಬದುಕಿದರೂ ಗುಳ್ಳೆಯು ಕಣ್ಣಿನ ಮೇಲೆ ಎದ್ದು ಒಡೆದಿದ್ದರೆ ಹೂ ಬಿದ್ದ ಬಿಳಿಯ ಕಣ್ಣು ಉಳಿಯುತ್ತಿತ್ತು. ಇದಕ್ಕೆ ಪ್ರತೀಕಾರವಾಗಿ ದಾಕು ಹಾಕುವ ಪದ್ಧತಿಯು ನಮ್ಮ ನಾಡಿಗೆ ಬೇಗನೆಯೇ ಬಂದಿತೆಂಬುದು ಗಮನಾರ್ಹ. 1805ರ ಸುಮಾರಿನಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಮೂವರು ಸ್ತ್ರೀಯರ ತೈಲಚಿತ್ರವೊಂದಿದೆ; ಅದು ಮೈಸೂರಿನ ರಾಣಿವಾಸದವರ ಚಿತ್ರವೆಂದೂ, ಅವರಲ್ಲೊಬ್ಬಾಕೆ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ದಾಕು ಹಾಕಿಸಿಕೊಂಡುದನ್ನು ಪ್ರಜೆಗಳಿಗೆ ತಿಳಿಸಲೆಂದೂ ಕೆಲವು ಇತಿಹಾಸಕಾರರು ಅಭಿಪ್ರಾಯಪಡುವರು. ಅರಮನೆಯು ಒಪ್ಪಿದರೂ ಹಳ್ಳಿಯು ಒಪ್ಪಲು ನೂರು ವರ್ಷ ಸಾಲಲಿಲ್ಲ. ದಾಕು ಹಾಕುವವನು ಊರಬಾಗಿಲಿಗೆ ಬಂದನೆಂಬ ಸುದ್ದಿ ಹರಡಿದೊಡನೆ ಮಕ್ಕಳನ್ನು ಅಟ್ಟದ ಮೇಲೂ ಕಣಜದ ಹಿಂದೆಯೂ ಬಚ್ಚಿಡುತ್ತಿದ್ದ ತಾಯಂದಿರ ಕಥೆಗಳು ಹಳೆಯ ಮೈಸೂರಿನ ಮನೆಮನೆಯಲ್ಲಿಯೂ ಇದ್ದವು. ಭಾರತದಿಂದ ಸಿಡುಬು ಸಂಪೂರ್ಣವಾಗಿ ತೊಲಗಿದುದು 1975ರಲ್ಲಿ.

ಸಿಡುಬಿನ ಜೊತೆಗೆ, ಹಾಲು, ಹಸುರು ಸೊಪ್ಪು, ಹಣ್ಣುಗಳಿಲ್ಲದ ಊಟದಿಂದ ಎ ಜೀವಸತ್ವವು ಕೊರತೆಯಾಗಿ, ಮೊದಲು ಸಂಜೆಗುರುಡು ಕಾಣಿಸಿಕೊಂಡು ಅನಂತರ ಕಪ್ಪುಗುಡ್ಡೆಯೇ ಕರಗುವ ರೋಗವೂ, ಹುಟ್ಟಿದ ಕೆಲವೇ ದಿನಗಳಲ್ಲಿ ಎಳೆಗೂಸಿನ ಕಣ್ಣಿಗೆ ಕೀವು ತುಂಬುವ ರೋಗವೂ ಇದ್ದವು. ಇವೆಲ್ಲವೂ ತಡೆಯಬಹುದಾದ ರೋಗಗಳು. ಹಿತ್ತಲಿನಲ್ಲಿ ನುಗ್ಗೆಯ ಮರವಿರುವ ಮನೆಯಲ್ಲಿಯೇ ನುಗ್ಗೆಸೊಪ್ಪು ಮಗುವಿಗೆ ಆಗದೆಂದು ತಿಳಿದು ಕೊಡದೆ ಕಣ್ಣನ್ನು ಕಳೆದ ಅನರ್ಥವೂ ಇವುಗಳಲ್ಲಿ ಸೇರಿತ್ತು. ಬೆಂಗಳೂರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡವು 1913ರಲ್ಲಿ ತೆರೆಯಿತು, ಮುಂದೆ ಡಾ. ಎಂ. ಸಿ. ಮೋದಿಯವರಂತಹ ವೈದ್ಯರು ಊರೂರಿಗೆ ಹೋಗಿ, ಶಾಲೆ ಛತ್ರಗಳಲ್ಲಿಯೇ ಶಿಬಿರ ಹೂಡಿ, ಪೊರೆ ಬಂದ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಅಸಂಖ್ಯ ಜನರಿಗೆ ದೃಷ್ಟಿಯನ್ನು ಮರಳಿ ಕೊಟ್ಟರು. ಆದರೆ ವೈದ್ಯನ ಕೈಮೀರಿದ ಕಣ್ಣುಗಳು ಎಂದಿಗೂ ಉಳಿದೇ ಉಳಿಯುವುವು. ಅಲ್ಲಿಂದ ಮುಂದಿನ ಹೊಣೆಯು ಉಪಾಧ್ಯಾಯನದು.

ಉಪಾಧ್ಯಾಯನು ಈ ಹೊಣೆಯನ್ನು ಹೊತ್ತುಕೊಂಡುದು ಜಗತ್ತಿನಲ್ಲಿ ಬಹಳ ಹಿಂದಿನ ಮಾತೇನೂ ಅಲ್ಲ. 1771ರಲ್ಲಿ ಪ್ಯಾರಿಸ್ ನಗರದ ಸಂತೆಯೊಂದರಲ್ಲಿ ಕೆಲವು ಅಂಧರಿಗೆ ಕೋಡಂಗಿಗಳ ವೇಷವನ್ನು ಹಾಕಿ, ಮೂಗಿಗೆ ಕನ್ನಡಕವನ್ನೇರಿಸಿ, ತಲೆಕೆಳಗಾದ ಪುಸ್ತಕವನ್ನು ಮುಂದಿಟ್ಟು, ಅಪಸ್ವರವಾಗಿ ವಾದ್ಯ ನುಡಿಸಲು ಕೂರಿಸಿ ಜನರು ನಗುತ್ತಿದ್ದುದನ್ನು ವಾಲೆಂಟಿನ್ ಹೌಯ್ ಎಂಬಾತನು ಕಂಡನು. ಆ ಪರಿಹಾಸ್ಯವನ್ನು ಸತ್ಯವನ್ನಾಗಿ ಮಾಡಿ, ಅಂಧರ ಮುಂದೆ ನಿಜವಾಗಿಯೇ ಓದಬಲ್ಲ ಪುಸ್ತಕವನ್ನು ಇಡಬೇಕೆಂದು ಆತನು ಸಂಕಲ್ಪಿಸಿದನು. ಚರ್ಚಿನ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಫ್ರಾಂಸ್ವಾ ಲೆಸ್ಯೂರ್ ಎಂಬ ಹುಡುಗನೇ ಆತನ ಮೊದಲ ಶಿಷ್ಯನಾದನು. 1785ರಲ್ಲಿ ಶಾಲೆಯು ನೆಲೆಗೊಂಡಿತು. ಹೌಯ್ ಅಲ್ಲಿ ಬಳಸಿದುದು, ದಪ್ಪ ಕಾಗದದ ಮೇಲೆ ಉಬ್ಬಿಸಿ ಮುದ್ರಿಸಿದ ಸಾಮಾನ್ಯ ರೋಮನ್ ಅಕ್ಷರಗಳನ್ನು. ನೋಡಿದವರಿಗೆಲ್ಲ ಅದು ಬಲು ಸೊಗಸಾಗಿ ಕಂಡಿತು. ಕಣ್ಣುಳ್ಳವನೂ ಓದಬಹುದು, ಇಲ್ಲದವನೂ ಓದಬಹುದು ಎಂದು ದಾನಿಗಳು ಮೆಚ್ಚಿದರು. ಆದರೆ ಬಳಸುವ ಮಕ್ಕಳಿಗೆ ಮಾತ್ರ ಒಂದೊಂದು ಅಕ್ಷರದ ವಂಕುಡೊಂಕುಗಳನ್ನು ಬೆರಳಿಂದ ಸವರಿ ಗುರುತಿಸುವುದರಲ್ಲಿಯೇ ಹೊತ್ತು ಕಳೆದುಹೋಗುತ್ತಿತ್ತು. ಬರೆಯುವುದಂತೂ ಅಸಾಧ್ಯವೇ ಆಗಿತ್ತು. ಆ ಲಿಪಿಯು ಅಂಧರ ಹೆಸರಿನಲ್ಲಿ ಹುಟ್ಟಿದ್ದರೂ ಕಣ್ಣುಳ್ಳವರ ಕಣ್ಣಿಗಾಗಿ ಹುಟ್ಟಿದುದು.

ಈ ದೋಷವನ್ನು ತಿದ್ದಿದವನು ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್. ಕುದುರೆಯ ಜೀನು ಹೊಲಿಯುವವನ ಮಗನಾಗಿ 1809ರಲ್ಲಿ ಹುಟ್ಟಿದ ಈತನು, ಮೂರು ವರ್ಷದವನಿದ್ದಾಗ ತಂದೆಯ ಅಂಗಡಿಯಲ್ಲಿ ತೊಗಲು ಚುಚ್ಚುವ ಮೊನೆಯ ಉಪಕರಣವನ್ನು ಹಿಡಿದು ಆಡುತ್ತಿರುವಾಗ ಅದು ಕಣ್ಣಿಗೆ ನಾಟಿ, ನಂಜು ಇನ್ನೊಂದು ಕಣ್ಣಿಗೂ ಏರಿ, ಎರಡನ್ನೂ ಕಳೆದುಕೊಂಡನು. ಹತ್ತನೆಯ ವಯಸ್ಸಿಗೆ ಪ್ಯಾರಿಸ್ಸಿನ ಶಾಲೆಗೆ ಸೇರಿದ ಮೇಲೆ, ಸೈನ್ಯಾಧಿಕಾರಿಯಾಗಿದ್ದ ಚಾರ್ಲ್ಸ್ ಬಾರ್ಬಿಯೆ ಎಂಬವನು ಕಲ್ಪಿಸಿದ್ದ ಹನ್ನೆರಡು ಚುಕ್ಕೆಗಳ ಬರಹವೊಂದು ಅವನ ಕೈಗೆ ಬಂದಿತು. ಹನ್ನೆರಡು ಚುಕ್ಕೆಗಳ ಗುಂಪು ಒಂದು ಬೆರಳ ತುದಿಯ ಅಡಿಗೆ ಹಿಡಿಯದು. ಬೆರಳನ್ನು ಮೇಲೂ ಕೆಳಗೂ ಆಡಿಸಬೇಕಾಗುವುದು. ಬ್ರೈಲನು ಅದನ್ನು ಆರಕ್ಕೆ ಇಳಿಸಿದನು. ಎರಡು ನಿಲುಸಾಲು, ಸಾಲಿಗೆ ಮೂರು ಚುಕ್ಕೆ. ಬೆರಳನ್ನು ಇಟ್ಟೊಡನೆ ಇಡೀ ಅಕ್ಷರವು ಒಂದೇ ಸ್ಪರ್ಶಕ್ಕೆ ತಿಳಿಯುವುದು. ಈ ಆರರಲ್ಲಿ ಇಂತಿಂಥವನ್ನು ಉಬ್ಬಿಸಿ ಇಂತಿಂಥವನ್ನು ಬಿಟ್ಟರೆ 63 ಬೇರೆ ಬೇರೆ ಚಿಹ್ನೆಗಳು ದೊರಕುವುವು. 1824ರಲ್ಲಿ, ಹದಿನೈದರ ಪ್ರಾಯದಲ್ಲಿಯೇ, ಆತನು ಇದನ್ನು ಸಾಧಿಸಿದನು, 1829ರಲ್ಲಿ ಅಚ್ಚುಹಾಕಿಸಿದನು. ಕಣ್ಣುಳ್ಳವರಿಗೆ ಅದು ಓದಲು ಬಾರದ ಗೂಢಲಿಪಿಯಾಗಿ ತೋರಿದುದರಿಂದ ಶಾಲೆಯ ಅಧಿಕಾರಿಗಳೇ ವಿರೋಧಿಸಿದರು. ಒಂದು ಕಾಲಕ್ಕೆ ಅದನ್ನು ನಿಷೇಧಿಸಿದುದೂ ಉಂಟು. ಮಕ್ಕಳಾದರೋ ಗುಟ್ಟಾಗಿ ಅದನ್ನೇ ಬಳಸಿದರು. ಬ್ರೈಲನು 1852ರಲ್ಲಿ ತೀರಿಕೊಂಡ ಎರಡು ವರ್ಷಗಳ ತರುವಾಯ ಫ್ರಾನ್ಸ್ ದೇಶವು ಅವನ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿತು. ಅಂಧರ ವಿದ್ಯಾಭ್ಯಾಸದ ಚರಿತ್ರೆಯುದ್ದಕ್ಕೂ ಮರಳಿ ಮರಳಿ ಕಾಣುವ ಒಂದು ತತ್ತ್ವವು ಇಲ್ಲಿಯೇ ಸ್ಪಷ್ಟವಾಗುವುದು: ಓದುವವನ ಬೆರಳೇ ಪ್ರಮಾಣವೆಂದು ಒಪ್ಪಿದಾಗ ಕಾರ್ಯವು ಕೈಗೂಡಿತು, ಕೊಡುವವನ ಅನುಕೂಲವೇ ಪ್ರಮಾಣವಾದಾಗ ಕೆಟ್ಟಿತು.

ಭಾರತಕ್ಕೆ ಈ ವಿದ್ಯೆಯು ಬಂದುದು ಕ್ರೈಸ್ತ ಮಿಷನರಿ ಮಹಿಳೆಯರ ಮೂಲಕ. ಆನಿ ಶಾರ್ಪ್ ಎಂಬಾಕೆ 1887ರಲ್ಲಿ ಅಮೃತಸರದಲ್ಲಿ ಅಂಧರ ಶಾಲೆಯನ್ನು ತೆರೆದರು. ಅದು ಮುಂದೆ ಡೆಹರಾಡೂನಿನ ಬಳಿಯ ರಾಜಪುರಕ್ಕೆ ಹೋಯಿತು. ತಮಿಳುನಾಡಿನ ಪಾಳೆಯಂಕೋಟೆಯಲ್ಲಿ ಮಿಸ್ ಆಸ್ಕ್‌ವಿತ್ ಅವರ ಶಾಲೆಯು 1890ರಲ್ಲಿ ಆರಂಭವಾಯಿತು. 1897ರಲ್ಲಿ ಕಲ್ಕತ್ತೆಯಲ್ಲಿ ಲಾಲ್ ಬಿಹಾರಿ ಷಾ ಅವರೂ, 1900ರಲ್ಲಿ ಮುಂಬಯಿಯಲ್ಲಿ ಆನಾ ಮಿಲ್ಲರ್ಡ್ ಅವರೂ ಇದೇ ಕಾರ್ಯಕ್ಕೆ ಕೈಹಾಕಿದರು. ಮೈಸೂರಿನ ಶಾಲೆಯು ಈ ಮೊದಲ ಪಂಕ್ತಿಗೆ ಸೇರಿದುದು.

ಅದು ಹುಟ್ಟಿದ ಕಾಲವನ್ನು ಸ್ವಲ್ಪ ನೆನೆಯಬೇಕು. 1901ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಅಪ್ರಾಪ್ತವಯಸ್ಕರಾಗಿದ್ದು, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯಭಾರ ನಡೆಸುತ್ತಿದ್ದರು. ಪ್ಲೇಗಿನ ಮಾರಿಯು ಮೈಸೂರು ಬೆಂಗಳೂರುಗಳನ್ನು ಹೊಕ್ಕು ಇನ್ನೂ ಮೂರು ವರ್ಷ ಆಗಿತ್ತಷ್ಟೆ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನವು ಬರಲು ಹನ್ನೆರಡು ವರ್ಷಗಳೂ, ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಲು ಹದಿನೈದು ವರ್ಷಗಳೂ ಇನ್ನೂ ಕಳೆಯಬೇಕಾಗಿದ್ದುವು. ಕಣ್ಣು ನೆಟ್ಟಗಿರುವ ಮಕ್ಕಳಿಗೇ ಊರಿನಲ್ಲಿ ಶಾಲೆಯಿಲ್ಲದಿದ್ದ ಕಾಲದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಶಾಲೆ ಬೇಕೆಂದು ಯೋಚಿಸಿದ ಶ್ರೀನಿವಾಸರಾಯರ ಧೈರ್ಯವನ್ನು ಈ ಹಿನ್ನೆಲೆಯಲ್ಲಿಯೇ ಅಳೆಯತಕ್ಕದ್ದು. ದೇಶದ ಬೇರೆ ಕಡೆಗಳಲ್ಲಿ ಈ ಕಾರ್ಯವನ್ನು ಬಹುಮಟ್ಟಿಗೆ ಮಿಷನ್ನುಗಳು ನಡೆಸುತ್ತಿದ್ದಾಗ, ಇಲ್ಲಿ ನಾಡಿನವರೊಬ್ಬರೇ ನಾಡಿನ ಭಾಷೆಯಲ್ಲಿಯೇ ಮಾಡಲು ಮುಂದಾದುದು ವಿಶೇಷ.

ಅಂಧರಿಗೂ ಕಿವುಡ-ಮೂಕರಿಗೂ ಒಂದೇ ಶಾಲೆಯೆಂದರೆ ಹೊರನೋಟಕ್ಕೆ ಸಹಜವೆನಿಸಬಹುದು. ಆದರೆ ಉಪಾಧ್ಯಾಯನ ಪಾಲಿಗೆ ಅದು ಎರಡು ವಿರುದ್ಧ ದಿಕ್ಕುಗಳ ಪ್ರಯಾಣ. ಅಂಧಬಾಲಕನಿಗೆ ಮಾತೇ ಹೆದ್ದಾರಿ, ಕಿವಿಯೇ ಬಾಗಿಲು. ಕಿವುಡ ಬಾಲಕನಿಗೆ ಮಾತಿನ ಬಾಗಿಲು ಮುಚ್ಚಿದ್ದು, ಕಣ್ಣಿನಿಂದ ತುಟಿಯ ಚಲನೆಯನ್ನೂ ಕೈಸನ್ನೆಯನ್ನೂ ಹಿಡಿದು ಭಾಷೆಯನ್ನು ಕಟ್ಟಿಕೊಳ್ಳಬೇಕು. ಒಂದು ಕೊಠಡಿಯಲ್ಲಿ ಪಾಠವು ಗಟ್ಟಿಯಾಗಿ ನಡೆಯುತ್ತಿದ್ದರೆ ಮತ್ತೊಂದರಲ್ಲಿ ಮೌನವಾಗಿ ನಡೆಯಬೇಕು. ಇಂದು ಈ ಎರಡು ಶಾಸ್ತ್ರಗಳೂ ಬೇರೆಬೇರೆಯಾಗಿ ಬೆಳೆದಿವೆ; ವಾಕ್ಕು ಶ್ರವಣಗಳಿಗಾಗಿಯೇ ಅಖಿಲ ಭಾರತ ಸಂಸ್ಥೆಯೊಂದು 1965ರಲ್ಲಿ ಅದೇ ಮೈಸೂರಿನಲ್ಲಿ ಸ್ಥಾಪಿತವಾಯಿತು. ಶ್ರೀನಿವಾಸರಾಯರ ಶಾಲೆಯು ಕಾಲಕ್ರಮದಲ್ಲಿ ಸರ್ಕಾರದ ಆಡಳಿತಕ್ಕೆ ಬಂದು, ಈಗಲೂ ಮೈಸೂರಿನ ತಿಲಕನಗರದಲ್ಲಿ ಮಕ್ಕಳಿಗೆ ವಿದ್ಯೆ ಕಲಿಸುತ್ತಿದೆ.

ಇನ್ನು ಆ ಶಾಲೆಯ ಮುಂದಿದ್ದ ಅತಿ ಕಠಿಣವಾದ ಪ್ರಶ್ನೆಗೆ ಬರೋಣ. ಬ್ರೈಲನು ತನ್ನ ಚುಕ್ಕೆಗಳನ್ನು ಜೋಡಿಸಿದುದು ಫ್ರೆಂಚ್ ಭಾಷೆಯ ಇಪ್ಪತ್ತೈದು ಇಪ್ಪತ್ತಾರು ಅಕ್ಷರಗಳಿಗೆ. ಕನ್ನಡದ ಸ್ಥಿತಿಯೇ ಬೇರೆ. ನಮ್ಮ ವರ್ಣಮಾಲೆಯಲ್ಲಿ ಅದರ ಇಮ್ಮಡಿಗೆ ಸಮೀಪವಾದ ಅಕ್ಷರಗಳಿವೆ; ಒಂದೊಂದು ವ್ಯಂಜನಕ್ಕೂ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವಗಳು ಸೇರಿ ಕಾಗುಣಿತವು ಹರಡಿಕೊಳ್ಳುತ್ತದೆ; ಅದರ ಮೇಲೆ ಒತ್ತಕ್ಷರಗಳು ಕೆಳಗೆ ತೂಗುತ್ತವೆ. ಕಣ್ಣುಳ್ಳ ಮಗುವಿಗೇ ಒಂದೆರಡು ವರ್ಷ ಹಿಡಿಯುವ ಈ ಆಕಾರಗಳ ಕಾಡನ್ನು ಕೇವಲ 63 ಚಿಹ್ನೆಗಳೊಳಗೆ ಅಡಗಿಸುವುದೆಂತು? ಉತ್ತರವು ದೊರೆತುದು ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದಾಗ. ಇಂದು ಬಳಕೆಯಲ್ಲಿರುವ ಭಾರತೀ ಬ್ರೈಲಿನ ಕ್ರಮದಲ್ಲಿ, ವ್ಯಂಜನಕ್ಕೆ ಒಂದು ಚಿಹ್ನೆ, ಸ್ವರಕ್ಕೆ ಒಂದು ಚಿಹ್ನೆ. 'ಕಿ' ಎಂದು ಬರೆಯಬೇಕಾದರೆ 'ಕ' ಎಂಬುದನ್ನು ಬರೆದು ಪಕ್ಕದಲ್ಲಿ 'ಇ' ಎಂಬುದನ್ನು ಬರೆದರಾಯಿತು. ಗುಡಿಸೂ ಇಲ್ಲ, ಕೊಂಬೂ ಇಲ್ಲ. ಒತ್ತಕ್ಷರಕ್ಕಾದರೋ, ಮುಂದಿನ ವ್ಯಂಜನದಲ್ಲಿ ಸ್ವರವಿಲ್ಲವೆಂದು ಸೂಚಿಸುವ ಒಂದು ಚುಕ್ಕೆಯನ್ನು ಮೊದಲೇ ಇಟ್ಟು, ಎರಡು ವ್ಯಂಜನಗಳನ್ನೂ ಸಾಲಾಗಿ ಬರೆಯುವುದು. ಪಾಣಿನಿಯ ಕಾಲದಿಂದ ನಮ್ಮ ವೈಯಾಕರಣರು ಸ್ವರವ್ಯಂಜನಗಳನ್ನು ಬಿಡಿಸಿ ಇಟ್ಟಿದ್ದುದು ಈ ಕೆಲಸಕ್ಕೆ ಸಿದ್ಧವಾದ ತಳಹದಿಯಾಯಿತೆನ್ನಬಹುದು.

ಮಗುವೊಂದು 'ಅಮ್ಮ' ಎಂದು ಬರೆಯುವುದನ್ನು ಸಮೀಪದಿಂದ ನೋಡೋಣ. ಬ್ರೈಲ್ ಸ್ಲೇಟೆಂದರೆ ಬಳಪದ ಸ್ಲೇಟಲ್ಲ. ಎರಡು ಪಟ್ಟಿಗಳು ಕೀಲಿನಿಂದ ಕೂಡಿರುವ ಒಂದು ಚೌಕಟ್ಟು. ಮೇಲಿನ ಪಟ್ಟಿಯಲ್ಲಿ ಸಣ್ಣ ಸಣ್ಣ ಕಿಂಡಿಗಳ ಸಾಲು. ಕೆಳಗಿನದರಲ್ಲಿ ಒಂದೊಂದು ಕಿಂಡಿಯ ಅಡಿಗೂ ಆರಾರು ಕುಳಿಗಳು. ನಡುವೆ ದಪ್ಪ ಕಾಗದವನ್ನು ಸಿಕ್ಕಿಸಿ, ಮರದ ಹಿಡಿಯುಳ್ಳ ಮೊನೆಗಡ್ಡಿಯಿಂದ ಕುಳಿಗಳೊಳಕ್ಕೆ ಒತ್ತಬೇಕು. ಕಾಗದದ ಹಿಂಬದಿಯಲ್ಲಿ ಚುಕ್ಕೆಗಳು ಉಬ್ಬಿ ಏಳುವುದರಿಂದ, ಬರಹವು ಬಲದಿಂದ ಎಡಕ್ಕೆ ಸಾಗಬೇಕು. ಆಮೇಲೆ ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಮಗು ಬಲತುದಿಯ ಕಿಂಡಿಯನ್ನು ಎಡಗೈಯ ತೋರುಬೆರಳಿನಿಂದ ಹುಡುಕಿ, ಬಲಮೇಲಿನ ಮೂಲೆಯಲ್ಲಿ ಒಮ್ಮೆ ಒತ್ತುವುದು: ಅದು 'ಅ'. ಪಕ್ಕದ ಕಿಂಡಿಯ ಎಡಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ: ಅದು ಸ್ವರವಿಲ್ಲವೆಂಬ ಸೂಚನೆ. ಮುಂದಿನ ಎರಡು ಕಿಂಡಿಗಳಲ್ಲಿಯೂ ಮೂರು ಮೂರು ಚುಕ್ಕೆಗಳು, ಮೇಲೆ ಎರಡು ಪಕ್ಕಪಕ್ಕದಲ್ಲಿ, ಕೆಳಗೆ ಬಲಮೂಲೆಯಲ್ಲಿ ಒಂದು: ಅವೆರಡೂ 'ಮ'. ಕಾಗದವನ್ನು ಬಿಡಿಸಿ ಮಗುಚಿ, ತಾನೇ ಒತ್ತಿದ ಎಂಟು ಚುಕ್ಕೆಗಳ ಮೇಲೆ ಬೆರಳಾಡಿಸಿದಾಗ ಆ ಪದವು ಮಗುವಿಗೆ ಮರಳಿ ಸಿಕ್ಕುವುದು. ಚುಕ್ಕೆಯ ಎತ್ತರವೆಂದರೆ ಸುಮಾರು ಅರ್ಧ ಮಿಲಿಮೀಟರು. ಒಂದರಿಂದ ಒಂದಕ್ಕೆ ಇರುವ ದೂರ ಸುಮಾರು 2.5 ಮಿಲಿಮೀಟರು. ನಮ್ಮ ಕೂಲಿಮಠಗಳಲ್ಲಿ ಅಯ್ಯನವರು ಮಗುವಿನ ಬೆರಳನ್ನು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರಲ್ಲವೆ, ಹಾಗೆಯೇ ಇಲ್ಲಿಯೂ ಅಕ್ಷರವು ಬೆರಳಿನಿಂದಲೇ ಮನಸ್ಸಿಗೆ ಇಳಿಯುವುದು. ಕಣ್ಣುಳ್ಳ ಮಗು ಮರಳನ್ನು ಬಿಟ್ಟು ಮುಂದೆ ಹೋದರೆ ಈ ಮಗು ಬೆರಳನ್ನೇ ನಂಬಿ ಕೊನೆಯವರೆಗೂ ಹೋಗುವುದು.

ಭಾರತೀ ಬ್ರೈಲ್ ಎಂಬ ಏಕರೂಪದ ಲಿಪಿಯು ರೂಢಿಗೆ ಬರುವುದಕ್ಕೆ ಮುಂಚೆ ದೇಶದಲ್ಲಿ ಲಿಪಿಗಳ ಗೊಂದಲವೇ ಇದ್ದಿತು. ಪಂಜಾಬಿನಲ್ಲೊಂದು, ಬಂಗಾಳದಲ್ಲೊಂದು, ಬೈಬಲ್ ಮುದ್ರಣಕ್ಕಾಗಿ ಪಾದ್ರಿಗಳು ಕಲ್ಪಿಸಿದ್ದು ಮತ್ತೊಂದು. ಹೀಗೆ ಒಂದೊಂದು ಶಾಲೆಯೂ ಆರೇ ಚುಕ್ಕೆಗಳಿಗೆ ತನ್ನದೇ ಅರ್ಥವನ್ನು ಕೊಟ್ಟುಕೊಂಡಿತ್ತು. ಮೈಸೂರಿನ ಶಾಲೆಯಲ್ಲಿ ಶ್ರೀನಿವಾಸರಾಯರು ರೂಪಿಸಿದ ಪದ್ಧತಿಗೆ ಮೈಸೂರು ಬ್ರೈಲ್ ಎಂದೇ ಹೆಸರಾಯಿತು. ಆಯಾ ಶಾಲೆಯ ಮಟ್ಟಿಗೆ ಇವೆಲ್ಲವೂ ಉಪಕಾರಕವೇ. ಆದರೆ ಒಂದು ಶಾಲೆಯಲ್ಲಿ ಕಲಿತವನಿಗೆ ಇನ್ನೊಂದು ಶಾಲೆಯ ಪುಸ್ತಕವು ಓದಲು ಬಾರದೆ ಹೋದರೆ, ಮೊದಲೇ ವಿರಳವಾಗಿರುವ ಪುಸ್ತಕಗಳು ಮತ್ತಷ್ಟು ವಿರಳವಾಗುವುವು. ಅಚ್ಚಿನ ಮನೆಯಿಲ್ಲದ ಶಾಲೆಯಲ್ಲಿ ಪ್ರತಿಯೊಂದು ಪುಸ್ತಕವನ್ನೂ ಒಂದೊಂದೇ ಚುಕ್ಕೆಯಾಗಿ ಕೈಯಿಂದ ಒತ್ತಿ ನಕಲುಮಾಡಬೇಕಾಗಿದ್ದಿತು. ದೊಡ್ಡ ಅಳತೆಯ ಬ್ರೈಲ್ ಹಾಳೆಯೊಂದರಲ್ಲಿ ಸುಮಾರು 25 ಸಾಲು, ಸಾಲಿಗೆ ಸುಮಾರು 40 ಚಿಹ್ನೆ, ಅಷ್ಟೆ. ಆದುದರಿಂದ ಕಿಸೆಯಲ್ಲಿ ಹಿಡಿಯುವ ಪಠ್ಯಪುಸ್ತಕವೂ ಬ್ರೈಲಿಗೆ ಬಂದರೆ ಹಲವು ದಪ್ಪ ಸಂಪುಟಗಳಾಗುವುದು. ಅವನ್ನು ಒಂದರ ಮೇಲೊಂದು ಹೇರಿದರೆ ಚುಕ್ಕೆಗಳು ಚಪ್ಪಟೆಯಾಗಿ ಅಕ್ಷರವೇ ಅಳಿದುಹೋಗುವುದರಿಂದ ನಿಲ್ಲಿಸಿಯೇ ಇಡಬೇಕು. ಇಷ್ಟು ಶ್ರಮದ ಪುಸ್ತಕವು ಒಂದೇ ಊರಿನ ಗೋಡೆಯೊಳಗೆ ಉಳಿಯುವುದೆಂದರೆ ನಷ್ಟವಲ್ಲವೆ?

ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರ್ಕಾರವು ಈ ವಿಷಯವನ್ನು ಯುನೆಸ್ಕೋ ಸಂಸ್ಥೆಯ ಮುಂದಿಟ್ಟಿತು. ಗ್ಯಾಲಿಪೊಲಿಯ ಯುದ್ಧದಲ್ಲಿ ದೃಷ್ಟಿಯನ್ನು ಕಳೆದುಕೊಂಡಿದ್ದ, ನ್ಯೂಜಿಲೆಂಡಿನ ಸರ್ ಕ್ಲೂಥಾ ಮೆಕೆಂಜಿಯವರು ಆ ಕಾರ್ಯದ ಮುಂದಾಳುಗಳಾದರು. 1951ರಲ್ಲಿ ಬೇರೂತಿನಲ್ಲಿ ಸೇರಿದ ಸಮ್ಮೇಳನದ ತರುವಾಯ ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತೀ ಬ್ರೈಲ್ ಅಂಗೀಕೃತವಾಯಿತು. ಇದರಲ್ಲಿ ಕನ್ನಡದ 'ಕ', ತಮಿಳಿನ 'ಕ', ಹಿಂದಿಯ 'ಕ' ಎಲ್ಲವೂ ಒಂದೇ ಚಿಹ್ನೆ. ಅಷ್ಟೇ ಅಲ್ಲ, ಇಂಗ್ಲಿಷಿನ ಅದೇ ಧ್ವನಿಯ ಅಕ್ಷರಕ್ಕೂ ಅದೇ ಚಿಹ್ನೆ. ಕಣ್ಣುಳ್ಳ ನಾವು ಗುಂಡ್ಲುಪೇಟೆಯಿಂದ ಗಡಿ ದಾಟಿ ವಯನಾಡಿಗೆ ಹೋದರೆ ಮಲೆಯಾಳದ ಫಲಕವನ್ನೂ, ಊಟಿಯ ಕಡೆಗೆ ಏರಿದರೆ ತಮಿಳಿನ ಫಲಕವನ್ನೂ ಕಂಡು ಬಾಯಿ ಮುಚ್ಚಿಕೊಳ್ಳಬೇಕಾಗುವುದು. ಬ್ರೈಲ್ ಬಲ್ಲವನಾದರೋ ಆ ಭಾಷೆಗಳ ಅರ್ಥವನ್ನು ತಿಳಿಯದಿದ್ದರೂ ಅಕ್ಷರಗಳನ್ನು ಬಹುಮಟ್ಟಿಗೆ ಉಚ್ಚರಿಸಬಲ್ಲನು. ಮೈಸೂರು ಬ್ರೈಲ್ ತನ್ನ ಕೆಲಸವನ್ನು ಮುಗಿಸಿ ಹಿಂದೆ ಸರಿಯಿತು. ಅದೇ 1951ರಲ್ಲಿ ಡೆಹರಾಡೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯವು ಸ್ಥಾಪಿತವಾಯಿತು. ಮುಂದೆ ಮೈಸೂರಿನಲ್ಲಿಯೂ ಸರ್ಕಾರದ ಬ್ರೈಲ್ ಮುದ್ರಣಾಲಯವು ಏರ್ಪಟ್ಟಿತು.

ಅಂಧರ ಶಾಲೆಯಲ್ಲಿ ಕಲಿಸುವುದು ಅಕ್ಷರವೊಂದನ್ನೇ ಅಲ್ಲ. ಲೆಕ್ಕಕ್ಕೆ ಟೇಲರ್ ಫ್ರೇಮ್ ಎಂಬ ಹಲಗೆಯಿದೆ: ಎಂಟು ಮೂಲೆಗಳ ರಂಧ್ರಗಳ ಸಾಲುಗಳು, ಅವುಗಳಲ್ಲಿ ನೆಡಲು ಸಣ್ಣ ಸೀಸದ ಮೊಳೆಗಳು. ಮೊಳೆಯ ಒಂದು ತುದಿಯಲ್ಲಿ ಒಂದು ಗುರುತು, ಇನ್ನೊಂದು ತುದಿಯಲ್ಲಿ ಬೇರೊಂದು. ಅದನ್ನು ಎಂಟು ದಿಕ್ಕಿಗೆ ತಿರುಗಿಸಿ ನೆಟ್ಟರೆ ಒಂದೇ ಮೊಳೆಯಿಂದ ಹದಿನಾರು ಅರ್ಥಗಳು ಹೊರಡುವುವು. ಅಂಕಿಗಳಿಗೂ ಕೂಡುವ ಕಳೆಯುವ ಚಿಹ್ನೆಗಳಿಗೂ ಅಷ್ಟು ಸಾಕು. ದಶಕ ತೆಗೆದುಕೊಳ್ಳುವುದೂ, ಭಾಗಾಕಾರದಲ್ಲಿ ಶೇಷ ಇಳಿಸುವುದೂ ಈ ಹಲಗೆಯ ಮೇಲೆ ಬೆರಳಾಡಿಸುತ್ತಲೇ ನಡೆಯುವುವು. ಇದಲ್ಲದೆ, ಬೆತ್ತದ ಕುರ್ಚಿ ಹೆಣೆಯುವುದು, ಬುಟ್ಟಿ ಚಾಪೆಗಳನ್ನು ನೇಯುವುದು, ಸಂಗೀತ, ಇವು ನಮ್ಮ ದೇಶದ ಹಳೆಯ ಅಂಧರ ಶಾಲೆಗಳಲ್ಲಿ ಸಾಮಾನ್ಯವಾಗಿ ನಡೆದುಬಂದ ಪಾಠಗಳು. ಇವುಗಳಲ್ಲಿ ಗುಣವೂ ಇತ್ತು, ಮಿತಿಯೂ ಇತ್ತು. ಕೈಗೆ ಕಸುಬು ಬಂದವನು ಇನ್ನೊಬ್ಬರ ಮನೆಯ ಬಾಗಿಲಿಗೆ ಕೈಯೊಡ್ಡಬೇಕಾಗಿರಲಿಲ್ಲ, ಇದು ಗುಣ. ಅಂಧನಾದವನಿಗೆ ಬೆತ್ತ ಇಲ್ಲವೆ ತಂಬೂರಿ, ಈ ಎರಡೇ ದಾರಿಯೆಂದು ಸಮಾಜವು ತೀರ್ಮಾನಿಸಿಬಿಟ್ಟಿತು, ಇದು ಮಿತಿ. ಲೆಕ್ಕದಲ್ಲಿ ಚುರುಕಾದ ಹುಡುಗನನ್ನು ಕರೆದು ಕುರ್ಚಿ ಹೆಣೆಯಲು ಕೂರಿಸುವುದು ಎಷ್ಟರ ಮಟ್ಟಿಗೆ ನ್ಯಾಯವೆಂಬ ಪ್ರಶ್ನೆಯು ಬಹಳ ಕಾಲ ಏಳಲೇ ಇಲ್ಲ.

ಸಂಗೀತವನ್ನೇ ಹಿಡಿದು ಹೋದ ಬೇರೊಂದು ಕನ್ನಡದ ಮಾದರಿಯನ್ನು ಇಲ್ಲಿ ಸ್ಮರಿಸದಿದ್ದರೆ ಚರಿತ್ರೆಯು ಅಪೂರ್ಣವಾಗುವುದು. ಹಾನಗಲ್ಲು ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಸಾಧಿಸಿ, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ವಿದ್ಯೆ ಕಲಿಸಿದರು. ಆ ಸಂಚಾರಿ ಶಾಲೆಯು ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಶೈಶವದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ಆರು ದಶಕಗಳಿಗೂ ಮಿಕ್ಕಿ ನಡೆಸಿದರು. ನಾಟಕ ಕಂಪನಿಯ ಸಂಪಾದನೆಯಿಂದಲೂ ಭಕ್ತರು ಮಾಡಿಸಿದ ತುಲಾಭಾರಗಳಿಂದಲೂ ನೂರಾರು ಮಕ್ಕಳಿಗೆ ಅನ್ನವಿಟ್ಟರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಅವರಿಗೆ ಸಂದಿತು, ಅದೇ ವರ್ಷವೇ ದೇಹವನ್ನೂ ಬಿಟ್ಟರು. ಮೈಸೂರಿನದು ಅಕ್ಷರದ ಶಾಲೆ, ಗದುಗಿನದು ಸ್ವರದ ಗುರುಕುಲ. ಅಂಧರೇ ಗುರುಗಳಾಗಿ ಅಂಧರೇ ವ್ಯವಸ್ಥಾಪಕರಾಗಿ ಒಂದು ದೊಡ್ಡ ಸಂಸ್ಥೆಯನ್ನು ನಡೆಸಬಲ್ಲರೆಂಬುದಕ್ಕೆ ಗದುಗಿಗಿಂತ ಹೆಚ್ಚಿನ ಸಾಕ್ಷ್ಯವು ಬೇಕಾಗಿಲ್ಲ.

ಈಗ ಮರಳಿ ನಮ್ಮ ಸೀಮೆಯ ಕಡೆಗೆ ನೋಡೋಣ. ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದಕ್ಕೆ ಮುಂಚೆ ಗುಂಡ್ಲುಪೇಟೆಯವರಿಗೆ ಕಚೇರಿ ಕೋರ್ಟು ದೊಡ್ಡಾಸ್ಪತ್ರೆ ಎಲ್ಲವೂ ಮೈಸೂರೇ. ಅಂಧರ ಶಾಲೆಯೂ ಅಲ್ಲಿಯೇ. ದೂರವೆಂದರೆ ಸುಮಾರು 60 ಕಿಲೋಮೀಟರು. ಇಂದು ಬಸ್ಸಿನಲ್ಲಿ ಕುಳಿತರೆ ಬೇಗೂರು, ನಂಜನಗೂಡುಗಳನ್ನು ದಾಟಿ ಎರಡು ಗಂಟೆಯೊಳಗೆ ತಲುಪಬಹುದು. ಶಾಲೆಯು ಹುಟ್ಟಿದ ಕಾಲದಲ್ಲಿ ರೈಲು ಮೈಸೂರಿನಿಂದ ನಂಜನಗೂಡಿನವರೆಗೆ ಮಾತ್ರವೇ ಬಂದಿತ್ತು. ಗುಂಡ್ಲುಪೇಟೆಯಿಂದ ಅಲ್ಲಿಯವರೆಗೆ ಎತ್ತಿನ ಗಾಡಿಯೇ ಗತಿ. ಆ ಹೊತ್ತಿನ ರೈತಕುಟುಂಬವೊಂದಕ್ಕೆ, ಕಣ್ಣಿಲ್ಲದ ಏಳೆಂಟು ವರ್ಷದ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ, ಯಾರೆಂದು ಅರಿಯದ ಜನರ ನಡುವೆ ಬಿಟ್ಟುಬರುವುದು ಎಂತಹ ಕಾರ್ಯವಾಗಿದ್ದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಕಣ್ಣಿದ್ದ ಮಕ್ಕಳು ದನ ಕಾಯಲು ಹೋದರೆ ಕಣ್ಣಿಲ್ಲದ ಮಗು ಮನೆಯಲ್ಲಿಯೇ ತಾಯಿಯ ಸೆರಗಿನಲ್ಲಿ ಉಳಿಯುತ್ತಿತ್ತು. ಅದನ್ನು ದೂರ ಕಳುಹಿಸುವುದೆಂದರೆ ಕೈಬಿಟ್ಟಂತೆಯೇ ಎಂದು ನೆರೆಯವರು ಆಡಿಕೊಳ್ಳುವರು. ಹೆಣ್ಣುಮಗುವಾದರಂತೂ ಮಾತೇ ಬೇಡ. ಮಮತೆಯೇ ಇಲ್ಲಿ ವಿದ್ಯೆಗೆ ಅಡ್ಡ ನಿಂತಿತು. ಆದುದರಿಂದ ಇಂತಹ ಶಾಲೆಗಳ ಚರಿತ್ರೆಯಲ್ಲಿ ಸ್ಥಾಪಕರ ಹೆಸರಿನ ಪಕ್ಕದಲ್ಲಿಯೇ, ನೆರೆಯವರ ಮಾತಿಗೆ ಕಿವಿಗೊಡದೆ ಮಗುವಿನ ಕೈ ಬಿಡಲು ಒಪ್ಪಿದ ತಂದೆತಾಯಿಗಳಿಗೂ ಸ್ಥಳವಿರಬೇಕು.

ಈ ಅಗಲಿಕೆಯನ್ನು ತಪ್ಪಿಸುವ ಯತ್ನವೂ ಮುಂದೆ ನಡೆಯಿತು. 1974ರಲ್ಲಿ ಕೇಂದ್ರ ಸರ್ಕಾರವು, ಅಂಗವಿಕಲ ಮಕ್ಕಳು ತಮ್ಮ ಊರಿನ ಸಾಮಾನ್ಯ ಶಾಲೆಯಲ್ಲಿಯೇ ಉಳಿದವರೊಡನೆ ಕಲಿಯುವ ಸಮನ್ವಯ ಶಿಕ್ಷಣದ ಯೋಜನೆಯನ್ನು ಆರಂಭಿಸಿತು. 1995ರ ಅಂಗವಿಕಲರ ಕಾಯಿದೆಯೂ, 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ, 2016ರ ಹೊಸ ಕಾಯಿದೆಯೂ ಅದನ್ನು ಹಕ್ಕನ್ನಾಗಿ ಮಾಡಿದುವು. ಈಗ ತಾಲ್ಲೂಕಿನಲ್ಲಿರುವ ಸಂಪನ್ಮೂಲ ಶಿಕ್ಷಕರು ಊರೂರಿಗೆ ಹೋಗಿ ಇಂತಹ ಮಕ್ಕಳಿಗೆ ನೆರವಾಗುವ ಏರ್ಪಾಡಿದೆ. ತತ್ತ್ವದಲ್ಲಿ ಇದು ನಿಸ್ಸಂಶಯವಾಗಿಯೂ ಉತ್ತಮವಾದುದು; ಮಗು ಮನೆಯನ್ನೂ ಗೆಳೆಯರನ್ನೂ ಬಿಡಬೇಕಾಗಿಲ್ಲ. ಆದರೆ ವಸತಿಶಾಲೆಯಲ್ಲಿ ಹಗಲಿರುಳೂ ದೊರಕುತ್ತಿದ್ದ ಬ್ರೈಲಿನ ಅಭ್ಯಾಸವು, ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಶಿಕ್ಷಕನಿಂದ ದೊರಕುವುದು ದುಸ್ಸಾಧ್ಯ. ಫಲವಾಗಿ ಮಗು ತರಗತಿಯಲ್ಲಿ ಕುಳಿತು ಪಾಠವನ್ನು ಕೇಳುವುದು, ಪರೀಕ್ಷೆಯಲ್ಲಿ ಬರೆಯುವ ಸಹಾಯಕನಿಗೆ ಉತ್ತರವನ್ನು ಹೇಳಿ ತೇರ್ಗಡೆಯಾಗುವುದು; ಹತ್ತನೆಯ ತರಗತಿಯನ್ನು ಮುಗಿಸಿದರೂ ತನ್ನ ಹೆಸರನ್ನು ತಾನೇ ಬರೆಯಲು ಬಾರದಿರಬಹುದು.

ಇದಕ್ಕೆ ಯಂತ್ರವು ಪರಿಹಾರವಾಗಿ ಬಂದಿದೆಯೆಂದು ಅನೇಕರು ಹೇಳುವರು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಗಣಕದ ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಆಸ್ಟ್ರೇಲಿಯದ ಇಬ್ಬರು ಅಂಧ ಯುವಕರೇ 2006ರಲ್ಲಿ ಆರಂಭಿಸಿದರು. ಕನ್ನಡವನ್ನೂ ಅದು ಓದಿ ಹೇಳಬಲ್ಲದು. ಮೊಬೈಲ್ ಫೋನು ಇಂದು ಪತ್ರಿಕೆಯನ್ನೂ ಬ್ಯಾಂಕಿನ ಲೆಕ್ಕವನ್ನೂ ಕಿವಿಗೆ ಮುಟ್ಟಿಸುತ್ತದೆ. ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ಸಮರ್ಥನಂ ಮುಂತಾದ, ಅಂಧರೇ ಮುಂದೆ ನಿಂತು ಕಟ್ಟಿದ ಸಂಸ್ಥೆಗಳು ಧ್ವನಿಪುಸ್ತಕ, ಗಣಕಶಿಕ್ಷಣ, ಉದ್ಯೋಗಗಳಿಗೆ ದಾರಿ ಮಾಡಿವೆ. ಬೆತ್ತ ತಂಬೂರಿಗಳ ಆಚೆಗೆ ಬಾಗಿಲು ತೆರೆದುದು ಇಂತಹ ಪ್ರಯತ್ನಗಳಿಂದಲೇ. ಆದರೆ ಕಿವಿಗೆ ಬಿದ್ದ ಪದದಲ್ಲಿ ಅಲ್ಪಪ್ರಾಣವಿದೆಯೋ ಮಹಾಪ್ರಾಣವಿದೆಯೋ, 'ಶ'ಕಾರವಿದೆಯೋ 'ಷ'ಕಾರವಿದೆಯೋ ಎಂಬುದು ಎಷ್ಟೋ ವೇಳೆ ತಿಳಿಯದು. ವಾಕ್ಯವು ಎಲ್ಲಿ ಮುಗಿಯಿತು, ಖಂಡಿಕೆಯು ಎಲ್ಲಿ ತಿರುಗಿತು ಎಂಬುದೂ ತಿಳಿಯದು. ಗಣಿತದ ಸಮೀಕರಣವನ್ನಂತೂ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುವುದು ದೊಡ್ಡವರಿಗೂ ಆಗದ ಮಾತು. ಧ್ವನಿಯು ಬ್ರೈಲಿಗೆ ಜೊತೆಯಾದರೆ ಶಕ್ತಿ; ಬ್ರೈಲಿನ ಸ್ಥಾನಕ್ಕೆ ಬಂದರೆ ಅದು ಒಂದು ಬಗೆಯ ನಿರಕ್ಷರತೆಯೇ ಸರಿ.

ಧ್ವನಿಯು ಅಗ್ಗ, ಬ್ರೈಲ್ ಪುಸ್ತಕವು ದುಬಾರಿ. ಕೇಳಿಸುವ ಯಂತ್ರವನ್ನು ಹಂಚುವುದು ಸುಲಭ, ಬ್ರೈಲ್ ಕಲಿಸುವ ಉಪಾಧ್ಯಾಯನನ್ನು ಸಿದ್ಧಪಡಿಸುವುದು ಕಷ್ಟ. ಆದುದರಿಂದ ವೆಚ್ಚವನ್ನು ನೋಡುವವರ ಮನಸ್ಸು ಧ್ವನಿಯ ಕಡೆಗೆ ವಾಲುವುದು ಸ್ವಾಭಾವಿಕ. ಆದರೆ ಹೌಯ್‌ನ ಉಬ್ಬಕ್ಷರಗಳನ್ನು ಮೆಚ್ಚಿದವರೂ, ತಮ್ಮ ತಮ್ಮ ಲಿಪಿಯನ್ನೇ ಹಿಡಿದು ಕೂತವರೂ ತಮ್ಮ ಅನುಕೂಲವನ್ನೇ ಮಕ್ಕಳ ಅನುಕೂಲವೆಂದು ಭಾವಿಸಿದ್ದರು. ಅದರಿಂದ ಎಷ್ಟು ಕಾಲ ವ್ಯರ್ಥವಾಯಿತೆಂಬುದನ್ನು ನೋಡಿದೆವು. ತಾಲ್ಲೂಕಿನಲ್ಲಿ ಇಂತಹ ಮಗು ಒಂದೇ ಇದ್ದರೂ, ಶಾಲೆಗೆ ಸೇರುವ ಮೊದಲ ಎರಡು ಮೂರು ವರ್ಷ ಅದಕ್ಕೆ ದಿನವೂ ಬ್ರೈಲ್ ಕಲಿಸುವವರು ಹತ್ತಿರದಲ್ಲಿರಬೇಕು. ಪಠ್ಯಪುಸ್ತಕದ ಬ್ರೈಲ್ ಪ್ರತಿಯು ಉಳಿದ ಮಕ್ಕಳಿಗೆ ಪುಸ್ತಕ ಬರುವ ದಿನವೇ ಅದರ ಕೈಗೂ ಬರಬೇಕು. ವಸತಿಶಾಲೆ ಬೇಕೋ ಊರಿನ ಶಾಲೆ ಬೇಕೋ ಎಂಬುದನ್ನು ತಂದೆತಾಯಿಗಳೂ ಮಗುವೂ ತೀರ್ಮಾನಿಸಬೇಕು. ಇವುಗಳನ್ನು ನಿರ್ಧರಿಸುವ ಸಮಿತಿಗಳಲ್ಲಿ ಬ್ರೈಲನ್ನೇ ಓದಿ ಬೆಳೆದವರು ಕುಳಿತಿರಬೇಕು. ಇಷ್ಟನ್ನು ಮಾಡಲು ಹೊಸ ಸಂಶೋಧನೆಯೇನೂ ಬೇಕಾಗಿಲ್ಲ. ಲಿಪಿಯಿದೆ, ಅಚ್ಚಿನ ಮನೆಯಿದೆ, ಕಾಯಿದೆಯಿದೆ, ನೂರು ವರ್ಷ ಮಿಕ್ಕಿದ ಅನುಭವವೂ ಇದೆ. ಶ್ರೀನಿವಾಸರಾಯರು ಹೊರಟಾಗ ಕನ್ನಡಕ್ಕೆ ಇವುಗಳಲ್ಲಿ ಒಂದೂ ಇರಲಿಲ್ಲ.